ಆಲೆಮನೆಗೆ ಆಳಿಲ್ಲ, ಹೈಕಳು ಫ್ಯಾಕ್ಟರಿಗೆ: ಮಂಡ್ಯದ ಲೆಕ್ಕ

ಬೆಳಗಾದರೆ ಮದ್ದೂರು, ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸ್ ವ್ಯಾನುಗಳು ಊರೂರಿನ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಗಂಡು ಹೈಕಳು ಬಿಡದಿಗೋ ನಂಜನಗೂಡಿಗೋ ಫ್ಯಾಕ್ಟರಿ ಕೆಲಸಕ್ಕೆ ಹೊರಡುತ್ತಾರೆ. ಅದೇ ಊರಿನ ಬೆಲ್ಲದ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರು, ಪಾಕ ನೋಡುವವರು ಉತ್ತರ ಪ್ರದೇಶ, ಬಿಹಾರದವರು. ಗದ್ದೆಯಲ್ಲಿ ಕಬ್ಬು ಕಡಿಯಲು ಬಳ್ಳಾರಿ ಕಡೆಯ ಗ್ಯಾಂಗು. ‘ನಮ್ಮ ಹುಡುಗರಿಗೆ ಮೈ ಬಗ್ಗಲ್ಲ’ ಎಂದು ಅರಳಿಕಟ್ಟೆಯಲ್ಲಿ ಕೂತು ಬೈಯುವುದು ಸಲೀಸು. ಕಾಗದದ ಮೇಲೆ ಲೆಕ್ಕ ಹಾಕಿದರೆ ಹುಡುಗರು ದಡ್ಡರಲ್ಲ ಎನ್ನುವುದು ಗೊತ್ತಾಗುತ್ತದೆ.

ಉದಾಹರಣೆಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 14,000 ರೂಪಾಯಿ ಎನ್ನುವ ಫ್ಯಾಕ್ಟರಿ ಕೆಲಸ ತೆಗೆದುಕೊಳ್ಳಿ. ಪಿಎಫ್ ಶೇ 12, ಅಂದರೆ 1,680 ಹೋಯಿತು. ನೌಕರರ ಆಸ್ಪತ್ರೆ ವಿಮೆಯಾದ ಇಎಸ್‌ಐ ಶೇ 0.75, ಅದು 105. ಕೈಗೆ ಬರುವುದು 12,215. ವ್ಯಾನಿಗೆ, ಕ್ಯಾಂಟೀನಿಗೆ ಹಿಡಿದರೆ ಇನ್ನೂ ಇಳಿಯುತ್ತದೆ. ಆದರೆ ಮಾಲೀಕರು ತಮ್ಮ ಪಾಲೆಂದು ಇನ್ನೊಂದು 1,680 ಪಿಎಫ್, ಶೇ 3.25ರಂತೆ 455 ಇಎಸ್‌ಐ ಕಟ್ಟಬೇಕು. ಮನೆಯವರ ಹೆರಿಗೆ, ಆಪರೇಷನ್ನು ಇಎಸ್‌ಐ ಆಸ್ಪತ್ರೆಯಲ್ಲಿ ಆಗುತ್ತವೆ. ಆಲೆಮನೆಯ ದಿನಗೂಲಿ ಎಷ್ಟೇ ಇದ್ದರೂ ಇವು ಅದರಲ್ಲಿಲ್ಲ, ಮಳೆ ಹಿಡಿದರೆ ಕೂಲಿಯೂ ಇಲ್ಲ.

ಫ್ಯಾಕ್ಟರಿ ಸೇರುವವರು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಬಹಳಷ್ಟು ಹುಡುಗರು ಸೇರುವುದು ಕಂಪನಿಗಲ್ಲ, ಕಾಂಟ್ರಾಕ್ಟರ್ ಕೈಕೆಳಗೆ. ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸ ಯುಎಎನ್ (ಪಿಎಫ್‌ನ ಖಾಯಂ ನಂಬರು) ಮಾಡಿಸಿದರೆ ಸರ್ವೀಸು ತುಂಡಾಗುತ್ತದೆ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಮೊದಲ ಸಲ ಬಂದ ಯುಎಎನ್ ನಂಬರನ್ನೇ ಎಲ್ಲ ಕಡೆ ಕೊಡಿ. ಸಂಬಳದಲ್ಲಿ ಹಿಡಿದ ಪಿಎಫ್ ಕಟ್ಟಿದ್ದಾರಾ ಎಂದು ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ನೋಡುತ್ತಿರಿ. ಆಧಾರ್‌ನಲ್ಲಿ ‘ಗೌಡ’ ಇದ್ದು ಪಿಎಫ್‌ನಲ್ಲಿ ಇಲ್ಲದಿದ್ದರೆ, ಹುಟ್ಟಿದ ತಾರೀಕು ಬೇರೆಯಾಗಿದ್ದರೆ, ದುಡ್ಡು ತೆಗೆಯುವ ಹೊತ್ತಿಗೆ ತಲೆನೋವು. ಸೇರುವಾಗಲೇ ಸರಿಮಾಡಿಸಿ.

ಈಗ ಆಲೆಮನೆಯ ಕಡೆ ಬನ್ನಿ. ಅಲ್ಲಿ ನಿಜವಾಗಿ ಬೆಲೆಯಿರುವ ಕೆಲಸ ಒಂದೇ, ಪಾಕ ನೋಡುವುದು. ಉಳಿದದ್ದು ಮೈಮುರಿ ಕೆಲಸ.

ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ ಬೆಲ್ಲ. 2025–26ಕ್ಕೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿಯಲ್ಲಿ, ಅಂದರೆ ಸಕ್ಕರೆ ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ದರದಲ್ಲಿ, ಸಕ್ಕರೆ ಇಳುವರಿ ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ವಿಂಟಲ್‌ಗೆ 329.05 ರೂಪಾಯಿ. ಈ ದರ ಆಲೆಮನೆಗೆ ಕಡ್ಡಾಯವಲ್ಲ, ಅಂದಾಜಿಗೆ ಸಾಕು. ಕಬ್ಬಿನ ಬಾಬ್ತೇ ಕೆ.ಜಿ ಬೆಲ್ಲಕ್ಕೆ 33 ರೂಪಾಯಿ ಬಿತ್ತು. ಟನ್ನಿಗೆ 90 ಕೆ.ಜಿ ಮಾತ್ರ ಬಂದರೆ ಅದು 36 ರೂಪಾಯಿ 60 ಪೈಸೆ. ಕೂಲಿ, ಡೀಸೆಲ್ಲು, ಗಾಡಿ, ದಲ್ಲಾಳಿ ಎಲ್ಲ ಇದರ ಮೇಲೆ. ಆ ಹತ್ತು ಕೆ.ಜಿ ಕಳೆದುಹೋಗುವ ಜಾಗಗಳು ಗೊತ್ತಿರುವಂಥವೇ: ಗಾಣದ ರೋಲರ್ ಸವೆದು ಸಂದು ಬಿಟ್ಟಿರುತ್ತದೆ, ಕಡಿದ ಕಬ್ಬು ಒಂದು ದಿನಕ್ಕಿಂತ ಹೆಚ್ಚು ಬಿಸಿಲಲ್ಲಿ ಬಿದ್ದಿರುತ್ತದೆ. ಹಳಸಿದ ಕಬ್ಬಿನ ಹಾಲು ಎಷ್ಟು ಕಾಯಿಸಿದರೂ ಬೆಲ್ಲ ಗಟ್ಟಿ ನಿಲ್ಲುವುದಿಲ್ಲ. ಯೂರಿಯಾ ಸುರಿದು ಬೆಳೆದ ಕಬ್ಬು, ಚೌಳು ನೆಲದ ಕಬ್ಬು ಕಪ್ಪಗೆ, ಉಪ್ಪುಪ್ಪಾಗಿ ಬರುತ್ತದೆ.

ಕೊಪ್ಪರಿಗೆ ಹತ್ತಿರ ನಿಂತು ನೋಡಿದರೆ ಪಾಕದವನ ಕೈಚಳಕ ಕಾಣುತ್ತದೆ. ಹಾಲು ಬೆಚ್ಚಗಾಗುತ್ತಿದ್ದಂತೆ ಸುಣ್ಣದ ತಿಳಿ ಬಿಡುತ್ತಾನೆ. ಹೆಚ್ಚಾದರೆ ಬೆಲ್ಲ ಕಪ್ಪು, ಕಡಿಮೆಯಾದರೆ ಕೊಳೆ ಮೇಲೇಳುವುದಿಲ್ಲ. ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಹಾಕಿದರೆ, ಸಾವಿರ ಲೀಟರಿಗೆ ಸುಮಾರು ಎರಡು ಕಿಲೋ ಗಿಡದ ಲೋಳೆ, ಮಡ್ಡಿಯೆಲ್ಲ ಕೆನೆಯ ಹಾಗೆ ಕಟ್ಟಿಕೊಂಡು ಮೇಲೆ ಬರುತ್ತದೆ. ಕುದಿ ಬರುವ ಮುಂಚೆಯೇ ಅದನ್ನು ಬಾಚಿ ತೆಗೆಯಬೇಕು. ಕುದಿ ಹತ್ತಿದರೆ ಮತ್ತೆ ಹಾಲಿನೊಳಗೇ ಕಲಸಿಹೋಗುತ್ತದೆ. ಕೊನೆಗೆ ಚಿಟಿಕೆ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾನೆ. ಥರ್ಮಾಮೀಟರ್ ಇಟ್ಟರೆ ಅಚ್ಚುಬೆಲ್ಲಕ್ಕೆ 118 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನೀರಾಗಿರುವ ಜೋನಿಬೆಲ್ಲಕ್ಕೆ 105–106, ಪುಡಿಬೆಲ್ಲಕ್ಕೆ 120–122. ಎರಡು ಡಿಗ್ರಿ ಮುಂಚೆ ಇಳಿಸಿದ ಅಚ್ಚು ಮಳೆಗಾಲದಲ್ಲಿ ನೀರು ಬಿಡುತ್ತದೆ. ಈ ವಿದ್ಯೆ ಒಂದು ಸೀಸನ್ನು ಕೊಪ್ಪರಿಗೆ ಪಕ್ಕ ನಿಂತವನಿಗೆ ಬರುತ್ತದೆ. ಆಲೆಮನೆಯನ್ನೇ ಹೊರಗಿನವರಿಗೆ ಗುತ್ತಿಗೆ ಕೊಟ್ಟ ಊರಿನಲ್ಲಿ ಕಲಿಯುವವನೂ ಇಲ್ಲ, ಕಲಿಸುವವನೂ ಇಲ್ಲ.

ಬಣ್ಣದ ವ್ಯಾಮೋಹವಂತೂ ಈ ಕಸುಬನ್ನು ಅರ್ಧ ಹಾಳುಮಾಡಿದೆ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್, ಕುರಿಕಟ್ಟು ಯಾವ ಬಗೆಯ ಬೆಲ್ಲವೇ ಇರಲಿ, ಹಳದಿ ಇದ್ದರೆ ವರ್ತಕ ಹೆಚ್ಚು ಕೂಗುತ್ತಾನೆ. ಅದಕ್ಕೇ ಹೈಡ್ರೋಸ್ ಎನ್ನುವ ಸೋಡಿಯಂ ಹೈಡ್ರೋಸಲ್ಫೈಟ್ ಸುರಿಯುತ್ತಾರೆ. ಆಹಾರ ಸುರಕ್ಷತೆ ನಿಯಮದಲ್ಲಿ ಇದರಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷಕ್ಕೆ 70 ಪಾಲು) ಮೀರುವಂತಿಲ್ಲ. ಹೈಡ್ರೋಸ್ ಬೆಲ್ಲ ಕೊಂಡ ವಾರ ಬಂಗಾರ, ದಾಸ್ತಾನಿಟ್ಟರೆ ಮತ್ತೆ ಕಪ್ಪು. ಸಕ್ಕರೆ ಬೆರೆಸುವವರ ಮಾತು ಬೇರೆಯೇ ಬಿಡಿ. ಹಾಗಾಗಿ ಶುದ್ಧ ಬೆಲ್ಲ ಮಾಡುವವನು ಹರಾಜಿನ ಜಗುಲಿಯಲ್ಲಿ ಸೋಲುತ್ತಾನೆ; ಅವನ ಗಿರಾಕಿ ಬೆಂಗಳೂರು, ಮೈಸೂರಿನಲ್ಲಿ ಪುಡಿಬೆಲ್ಲ ಕೊಳ್ಳುವವರು. ಮುಂಚೆ ಹಳೇ ಹೆದ್ದಾರಿ ಪಕ್ಕ ಗಾಡಿ ನಿಲ್ಲಿಸಿ ಕೊಳ್ಳುವವರಿದ್ದರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರುಗಳೆಲ್ಲ ಬೈಪಾಸಿನಲ್ಲೇ ಹಾರಿಹೋಗುತ್ತವೆ.

ಪುಡಿಬೆಲ್ಲದಲ್ಲಿ ಕೆಡುವುದು ತೇವದಿಂದ. ಜರಡಿ ಹಿಡಿದ ಮೇಲೆ ತೇವ ಶೇ 2ರ ಒಳಗೆ ಬರುವವರೆಗೆ ಒಣಗಿಸಿ ಅವತ್ತೇ ಕವರು ಸೀಲು ಮಾಡದಿದ್ದರೆ ಗಂಟು ಕಟ್ಟುತ್ತದೆ. ಬಿಡಿ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ, 25 ಕೆ.ಜಿವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್ಟಿಗೆ ಶೇ 5. ದರ ಹೇಳುವಾಗಲೇ ಇದನ್ನು ಸೇರಿಸಿಕೊಳ್ಳಿ.

ಬಂಡವಾಳಕ್ಕೆ ಸಣ್ಣ ಆಹಾರ ತಯಾರಿಕಾ ಘಟಕಗಳಿಗೆಂದು ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇದೆ, ಅದರಲ್ಲಿ ಜಿಲ್ಲೆಗೊಂದು ಉತ್ಪನ್ನ ಎಂದು ಮಂಡ್ಯಕ್ಕೆ ಆರಿಸಿರುವುದೇ ಬೆಲ್ಲ. ಕೇಂದ್ರದ ಸಹಾಯಧನ ಶೇ 35. ರಾಜ್ಯದ ಪಾಲು ಸೇರಿ ಶೇ 50, ಗರಿಷ್ಠ 15 ಲಕ್ಷ. ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೃಷಿ ಇಲಾಖೆಯಲ್ಲಿ ಮೊದಲೇ ಕೇಳಿ. ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಕೂತು, ಕಂತು ಸರಿಯಾಗಿ ಕಟ್ಟಿದ್ದರೆ ಸಾಲಕ್ಕೆ ವಜಾ ಆಗುತ್ತದೆ. ‘ಸಬ್ಸಿಡಿ ಬಂದ ಮೇಲೆ ಗಾಣ ತರ್ತೀನಿ’ ಎನ್ನುವವರು ಇಲ್ಲೇ ಎಡವುವುದು. ಇನ್ನು ಕೆಲವರ ಅರ್ಜಿ ಪಹಣಿಯಲ್ಲೇ ನಿಲ್ಲುತ್ತದೆ. ಜಮೀನು ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ, ಆಮೇಲೆ ಬ್ಯಾಂಕಿಗೆ ಹೋಗಿ. ಪಂಪ್‌ಸೆಟ್ಟಿನ ಉಚಿತ ಕರೆಂಟಿನಲ್ಲಿ ಗಾಣ ಓಡಿಸುವಂತಿಲ್ಲ, ಪ್ರತ್ಯೇಕ ಸಂಪರ್ಕ ಬೇಕು.

ಆಳಿಗೆ ಮುಂಗಡ ಕೊಡುವವರು ಮೇಸ್ತ್ರಿ ಕೈಗೆ ಒಟ್ಟಿಗೆ ಸುರಿಯಬೇಡಿ. ಇಬ್ಬರು ಮಾಲೀಕರ ಹತ್ತಿರ ಮುಂಗಡ ಪಡೆದು ಮೂರನೆಯವನ ಗದ್ದೆಗಿಳಿಯುವ ಗ್ಯಾಂಗುಗಳಿವೆ. ಬಂದ ಮೇಲೆ ಕಂತಿನಲ್ಲಿ ಕೊಡಿ, ಪ್ರತಿಯೊಬ್ಬನ ಹೆಸರಲ್ಲಿ ಬರೆದಿಡಿ. ಮುಂಗಡ ತೀರಿಲ್ಲವೆಂದು ಯಾರನ್ನೂ ತಡೆದು ಇಟ್ಟುಕೊಳ್ಳುವಂತಿಲ್ಲ, 1976ರ ಜೀತ ನಿರ್ಮೂಲನಾ ಕಾಯ್ದೆಯಡಿ ಅದು ಅಪರಾಧ. ಗಾಣದಲ್ಲಿ ಬೆರಳು ಹೋಗುವುದು ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ, ನಿದ್ದೆಗಣ್ಣಲ್ಲಿ. ಕಬ್ಬು ಕೊಡುವವನ ಕೈಗೆಟುಕುವಂತೆ ಸ್ವಿಚ್ಚು ಇರಲಿ, ರೋಲರ್ ಮುಂದೆ ತಗಡಿನ ತಡೆ ಇರಲಿ, ಉದ್ದ ತೋಳಿನ ಅಂಗಿ, ಟವೆಲ್ಲು ಬೇಡ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಎರಡು ಲಕ್ಷದವರೆಗಿನ ಅಪಘಾತ ವಿಮೆ ಇದೆ. ಗಾಣ ಹೂಡುವ ವಾರದಲ್ಲೇ ಎಲ್ಲ ಆಳುಗಳ ಬ್ಯಾಂಕ್ ಖಾತೆಯಿಂದ ಮಾಡಿಸಿ, ಹಣ ಮಾಲೀಕರೇ ಹಾಕಿ.