ಫಾರ್ಮ್ಯಾಟರ್‌ನಲ್ಲಿ ಇಂಡೆಂಟೇಶನ್ ತಪ್ಪಿದರೆ ಎಲ್ಲಿ ಹುಡುಕಬೇಕು

ಕೋಡ್ ಫಾರ್ಮ್ಯಾಟರ್ (ಕೋಡನ್ನು ಒಂದೇ ಶೈಲಿಗೆ ತಾನಾಗಿ ಜೋಡಿಸುವ ಉಪಕರಣ) ಯಾವುದೋ ಸಾಲನ್ನು 4 ಸ್ಪೇಸ್ ಹೆಚ್ಚು ಒಳಗೆ ತಳ್ಳಿದೆ ಅನ್ನಿ. ಆ ಸಾಲನ್ನು ಮುದ್ರಿಸುವ ಫಂಕ್ಷನ್ ಹುಡುಕಿ ಅಲ್ಲಿ 4 ಕಳೆಯೋಣ ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಮಾಡಿದರೆ ಆ ಒಂದು ಉದಾಹರಣೆ ಸರಿಹೋಗಿ ಬೇರೆ ಹತ್ತು ಕೆಡುತ್ತವೆ. ಸಾಲಿನ ಮುಂದಿರುವ ಖಾಲಿ ಜಾಗವನ್ನು, ಅಂದರೆ ಇಂಡೆಂಟೇಶನ್ ಅನ್ನು, ನಿರ್ಧರಿಸುವುದು ಅದಕ್ಕಿಂತ ಮುಂಚೆ ಬಂದ ಲೈನ್ ಬ್ರೇಕ್. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಪ್ರೆಟಿಯರ್ (ಜಾವಾಸ್ಕ್ರಿಪ್ಟ್ ಲೋಕದ ಜನಪ್ರಿಯ ಫಾರ್ಮ್ಯಾಟರ್) ಮಾದರಿಯ ಫಾರ್ಮ್ಯಾಟರ್‌ಗಳು ಸಿಂಟ್ಯಾಕ್ಸ್ ಟ್ರೀಯಿಂದ (ಕೋಡಿನ ರಚನೆ ತೋರಿಸುವ ಮರದಂಥ ರೂಪದಿಂದ) ನೇರವಾಗಿ ಪಠ್ಯ ಬರೆಯುವುದಿಲ್ಲ. ನಡುವೆ 'ಡಾಕ್' ಎಂಬ ರೂಪ ಕಟ್ಟುತ್ತವೆ. ಗ್ರೂಪ್, ಇಂಡೆಂಟ್, ಸಾಫ್ಟ್‌ಲೈನ್, ಹಾರ್ಡ್‌ಲೈನ್ ಇವು ಅದರ ತುಂಡುಗಳು. ಹಾರ್ಡ್‌ಲೈನ್ ಎಂದರೆ ಯಾವಾಗಲೂ ಹೊಸ ಸಾಲಾಗುವ ತುಂಡು. ಗ್ರೂಪ್ ಒಂದೇ ಸಾಲಿನಲ್ಲಿ ಹಿಡಿಸಿದರೆ ಒಳಗಿನ ಸಾಫ್ಟ್‌ಲೈನ್‌ಗಳು ಮಾಯವಾಗುತ್ತವೆ, ಹಿಡಿಸದಿದ್ದರೆ ಹೊಸ ಸಾಲಾಗುತ್ತವೆ. ಹೊಸ ಸಾಲು ಬಂದಾಗ ಎಷ್ಟು ಸ್ಪೇಸ್ ಹಾಕಬೇಕು ಎನ್ನುವುದು ಆ ಸಾಫ್ಟ್‌ಲೈನ್ ಎಷ್ಟು ಇಂಡೆಂಟ್‌ಗಳ ಒಳಗೆ ಕೂತಿದೆ ಎಂಬುದರ ಮೇಲೆ ನಿಂತಿದೆ. ಫಂಕ್ಷನ್ ಕರೆಗೆ ಸರಿಯಾದ ಆಕಾರ ಇದು:

ಗ್ರೂಪ್( "(", ಇಂಡೆಂಟ್( ಸಾಫ್ಟ್‌ಲೈನ್, ಆರ್ಗ್ಯುಮೆಂಟುಗಳು ), ಸಾಫ್ಟ್‌ಲೈನ್, ")" )

ಕೊನೆಯ ಸಾಫ್ಟ್‌ಲೈನ್ ತಪ್ಪಿ ಇಂಡೆಂಟ್ ಒಳಗೆ ಸೇರಿದರೆ ಮುಚ್ಚುವ ಬ್ರಾಕೆಟ್ ಒಂದು ಮೆಟ್ಟಿಲು ಒಳಗೆ ಹೋಗುತ್ತದೆ. ಮೊದಲ ಸಾಫ್ಟ್‌ಲೈನ್ ಹೊರಗೆ ಉಳಿದರೆ ಮೊದಲ ಆರ್ಗ್ಯುಮೆಂಟ್ ಎಡಕ್ಕೆ ಅಂಟಿಕೊಳ್ಳುತ್ತದೆ, ಉಳಿದವು ಮಾತ್ರ ಒಳಗೆ ಸರಿಯುತ್ತವೆ. ಈ ಎರಡನ್ನೂ ನೋಡಿದ ಕೂಡಲೇ ಗುರುತಿಸಬಹುದು.

ಕಷ್ಟ ಕೊಡುವುದು ಇನ್ನೊಂದು. ಕೊನೆಯ ಆರ್ಗ್ಯುಮೆಂಟ್ ಒಂದು ಕಾಲ್‌ಬ್ಯಾಕ್ ಫಂಕ್ಷನ್, ಅದರ ಬಾಡಿಯಲ್ಲಿ ಹಾರ್ಡ್‌ಲೈನ್ ಇದೆ ಎಂದುಕೊಳ್ಳಿ. ಬ್ರಾಕೆಟ್ ಪಕ್ಕದ ಸಾಫ್ಟ್‌ಲೈನ್ ಮುರಿಯದೆ ಫಂಕ್ಷನ್ ಅದೇ ಸಾಲಿನಲ್ಲಿ ಶುರುವಾಯಿತು, ಆದರೆ ಬಾಡಿ ಮುರಿಯಿತು. ಬಾಡಿ ಈಗಲೂ ಹೊರಗಿನ ಇಂಡೆಂಟ್‌ನೊಳಗೇ ಇದೆ. ಹಾಗಾಗಿ 4 ಬರಬೇಕಾದ ಕಡೆ 8 ಸ್ಪೇಸ್, 0 ಬರಬೇಕಾದ ಮುಚ್ಚುವ ಬ್ರೇಸ್ ಮುಂದೆ 4. ಇಲ್ಲಿ ಸಂಖ್ಯೆ ಕಳೆದು ಉಪಯೋಗವಿಲ್ಲ, ಏಕೆಂದರೆ ಸಾಲು ಉದ್ದವಾಗಿ ಆ ಸಾಫ್ಟ್‌ಲೈನ್ ಮುರಿದ ದಿನ 8 ಎನ್ನುವುದೇ ಸರಿ. ಪರಿಹಾರ ಎಂದರೆ ಎರಡು ಡಾಕ್ ಕಟ್ಟುವುದು: ಕೊನೆಯ ಆರ್ಗ್ಯುಮೆಂಟ್ ಅಪ್ಪಿಕೊಂಡು ಹೋಗುವ, ಇಂಡೆಂಟ್ ಇಲ್ಲದ ಒಂದು, ಎಲ್ಲವೂ ಮುರಿಯುವ, ಇಂಡೆಂಟ್ ಇರುವ ಇನ್ನೊಂದು. ಮೊದಲನೆಯದರ ಮೊದಲ ಸಾಲು ಹಿಡಿಸಿದರೆ ಅದು, ಇಲ್ಲದಿದ್ದರೆ ಎರಡನೆಯದು. ಪ್ರೆಟಿಯರ್‌ನಲ್ಲಿ ಕಂಡೀಷನಲ್ ಗ್ರೂಪ್ ಇರುವುದು ಇಂಥ ಕೆಲಸಕ್ಕೇ. ಜೊತೆಗೆ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಲೈನ್ ಬ್ರೇಕ್ ಹಾಕುವ ನೋಡ್ (ಟ್ರೀಯ ಒಂದು ಘಟಕ) ಯಾವುದೋ ಅದೇ ಇಂಡೆಂಟ್ ಕೊಡಲಿ. ತಾಯಿ ನೋಡ್, ಮಗು ನೋಡ್ ಎರಡೂ ಕೊಟ್ಟರೆ ಮತ್ತೆ ಅದೇ 8.

ಬಹುಸಾಲಿನ ಸ್ಟ್ರಿಂಗ್‌ಗಳದ್ದು ಇನ್ನೂ ಅಪಾಯದ ಬಗ್, ಏಕೆಂದರೆ ಅಲ್ಲಿ ಪ್ರೋಗ್ರಾಮಿನ ಅರ್ಥವೇ ಬದಲಾಗುತ್ತದೆ. ಟೆಂಪ್ಲೇಟ್ ಸ್ಟ್ರಿಂಗ್ ಒಳಗಿನ ಹೊಸ ಸಾಲನ್ನು ಹಾರ್ಡ್‌ಲೈನ್ ಆಗಿ ಮುದ್ರಿಸಿದರೆ ಪ್ರತಿ ಸಲ ಫಾರ್ಮ್ಯಾಟ್ ಮಾಡಿದಾಗಲೂ ಪಠ್ಯ ಇನ್ನಷ್ಟು ಬಲಕ್ಕೆ ಸರಿಯುತ್ತದೆ. ಇಂಡೆಂಟ್ ಸೇರಿಸದೆ ಸಾಲು ಮುರಿಯುವ ಲಿಟರಲ್‌ಲೈನ್ ಅಲ್ಲಿ ಬಳಸಬೇಕು. ಫಾರ್ಮ್ಯಾಟ್ ಮಾಡಿದ್ದನ್ನು ಮತ್ತೆ ಫಾರ್ಮ್ಯಾಟ್ ಮಾಡಿ ಎರಡೂ ಒಂದೇ ಇವೆಯೇ ಎಂದು ನೋಡುವ ಪರೀಕ್ಷೆ ಇದ್ದರೆ ಈ ಬಗ್ ತಪ್ಪಿಸಿಕೊಳ್ಳಲಾರದು.

ಪೈಥಾನ್‌ನಲ್ಲಿ ಕಾಮೆಂಟುಗಳದ್ದೇ ಒಂದು ಕಥೆ. ಬರೀ ಕಾಮೆಂಟ್ ಇರುವ ಸಾಲಿಗೆ ಟೋಕನೈಸರ್ (ಕೋಡನ್ನು ಟೋಕನ್ ಎಂಬ ಚಿಕ್ಕ ತುಂಡುಗಳಾಗಿ ಒಡೆಯುವ ಭಾಗ) ಬ್ಲಾಕ್ ಶುರುವಾಯಿತು ಎನ್ನುವ ಇಂಡೆಂಟ್, ಮುಗಿಯಿತು ಎನ್ನುವ ಡೆಡೆಂಟ್ ಟೋಕನ್ ಕೊಡುವುದಿಲ್ಲ. ಡೆಡೆಂಟ್ ಬರುವುದು ಮುಂದಿನ ನಿಜವಾದ ಕೋಡ್ ಸಾಲಿನಲ್ಲಿ. ಹಾಗಾಗಿ ಬ್ಲಾಕ್ ಮುಗಿದ ಮೇಲೆ ಎಡ ಅಂಚಿನಲ್ಲಿ ಬರೆದ ಕಾಮೆಂಟ್ ಕೂಡ ಟೋಕನ್‌ಗಳ ಸಾಲಿನಲ್ಲಿ ಬ್ಲಾಕಿನ ಒಳಗೇ ಬರುತ್ತದೆ, ಫಾರ್ಮ್ಯಾಟರ್ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಾಮೆಂಟಿನ ಕಾಲಮ್ ಬ್ಲಾಕಿನ ಕಾಲಮ್‌ಗಿಂತ ಕಡಿಮೆ ಇದ್ದರೆ ಅದನ್ನು ಮುಂದಿನ ಹೇಳಿಕೆಗೆ ಅಂಟಿಸಿ. ಹೋಲಿಸುವಾಗ ಮೂಲ ಫೈಲಿನ ಕಾಲಮ್ ತೆಗೆದುಕೊಳ್ಳಬೇಕು. ಹೊಸದಾಗಿ ಮುದ್ರಿಸಿದ ಕಾಲಮ್ ತೆಗೆದುಕೊಂಡರೆ, 2 ಸ್ಪೇಸ್‌ನಲ್ಲಿ ಬರೆದ ಫೈಲನ್ನು 4ಕ್ಕೆ ಬದಲಿಸುವಾಗ ಎಲ್ಲ ಕಾಮೆಂಟುಗಳೂ ಹೊರಗೆ ಬೀಳುತ್ತವೆ.

ಇನ್ನು ಅಲೈನ್‌ಮೆಂಟ್, ಅಂದರೆ ಸಾಲುಗಳ ಭಾಗಗಳನ್ನು ಒಂದರ ಕೆಳಗೊಂದು ಕಾಲಮ್ ಆಗಿ ಜೋಡಿಸುವುದು. ಗೋ ಭಾಷೆಯ ಫಾರ್ಮ್ಯಾಟರ್ ಗೋಎಫ್‌ಎಮ್‌ಟಿ ಇಂಡೆಂಟ್‌ಗೆ ಟ್ಯಾಬ್, ಅಲೈನ್‌ಮೆಂಟ್‌ಗೆ ಸ್ಪೇಸ್ ಎಂದು ಬೇರ್ಪಡಿಸಿದೆ, ಅದು ಬಹಳ ವಿವೇಕದ ನಿರ್ಧಾರ. ಆದರೆ ಅದರ ಹಿಂದಿರುವ ಟ್ಯಾಬ್‌ರೈಟರ್ (ಕಾಲಮ್ ಜೋಡಿಸುವ ಭಾಗ) ಎಲ್ಲ ಕೋಡ್‌ಪಾಯಿಂಟುಗಳ (ಯೂನಿಕೋಡ್ ಒಂದೊಂದು ಸಂಖ್ಯೆ ಕೊಟ್ಟಿರುವ ಅಕ್ಷರದ ತುಂಡುಗಳ) ಅಗಲವೂ ಒಂದೇ ಎಂದು ಭಾವಿಸುತ್ತದೆ. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ 6 ಕೋಡ್‌ಪಾಯಿಂಟ್, ಯುಟಿಎಫ್-8ರಲ್ಲಿ 18 ಬೈಟ್. ಕೀಲಿಗಳೆಲ್ಲ ಕನ್ನಡದಲ್ಲಿರುವ ಮ್ಯಾಪ್ (ಕೀಲಿ-ಮೌಲ್ಯ ಜೋಡಿಗಳ ಪಟ್ಟಿ) ಬರೆದರೆ ಮೌಲ್ಯಗಳ ಕಾಲಮ್ ಅಂಕುಡೊಂಕಾಗುವುದು ಇದರಿಂದ. ಬೈಟ್ ಎಣಿಸುವ ಫಾರ್ಮ್ಯಾಟರ್ ಆದರೆ ಇನ್ನೂ ಕೆಡುತ್ತದೆ. ಫಾಂಟ್ ಬದಲಾದರೆ ಅಗಲವೂ ಬದಲಾಗುವುದರಿಂದ ಇದಕ್ಕೆ ಪೂರ್ಣ ಪರಿಹಾರ ಇಲ್ಲ. ಹೊಸ ಫಾರ್ಮ್ಯಾಟರ್ ಬರೆಯುವವರು ಕಾಲಮ್ ಅಲೈನ್‌ಮೆಂಟನ್ನೇ ಬಿಟ್ಟು ಬರೀ ಇಂಡೆಂಟ್ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಬಗ್ ಹಿಡಿಯುವಾಗ ಮೊದಲು ಫೈಲನ್ನು ಐದಾರು ಸಾಲಿಗೆ ಇಳಿಸಿ. ಸಾಲಿನ ಅಗಲದ ಮಿತಿಯನ್ನು 80ರಿಂದ 20ಕ್ಕೆ ತನ್ನಿ. ಚಿಕ್ಕ ಕೋಡ್‌ನಲ್ಲೇ ಎಲ್ಲ ಗ್ರೂಪ್‌ಗಳೂ ಮುರಿದು ಕಾಣುತ್ತವೆ. ಆಮೇಲೆ ಡಾಕ್ ಮುದ್ರಿಸಿ ನೋಡಿ. ಪ್ರೆಟಿಯರ್‌ನ ಪ್ಲೇಗ್ರೌಂಡ್‌ನಲ್ಲಿ ಡಾಕ್ ತೋರಿಸುವ ಆಯ್ಕೆಯೇ ಇದೆ. ಹೋಲಿಸುವ ಪಠ್ಯದಲ್ಲಿ ಸ್ಪೇಸ್‌ಗೆ ಚುಕ್ಕಿ, ಟ್ಯಾಬ್‌ಗೆ ಬಾಣದ ಗುರುತು ಹಾಕಿದರೆ ಎಣಿಕೆ ತಪ್ಪುವುದಿಲ್ಲ.

ತಿದ್ದಿದ ಮೇಲೆ ಒಂದು ದೊಡ್ಡ ಕೋಡ್‌ಬೇಸ್ ಮೇಲೆ ಹಳೆಯದು, ಹೊಸದು ಎರಡನ್ನೂ ಓಡಿಸಿ, ಗಿಟ್ ಡಿಫ್‌ಗೆ (ಎರಡು ಆವೃತ್ತಿಗಳ ವ್ಯತ್ಯಾಸ ತೋರಿಸುವ ಆಜ್ಞೆಗೆ) ಸ್ಪೇಸ್ ಕಡೆಗಣಿಸುವ ಆಯ್ಕೆ ಕೊಟ್ಟು ನೋಡಿ. ಡಿಫ್ ಖಾಲಿ ಬಂದರೆ ಬದಲಾದದ್ದು ಸ್ಪೇಸ್ ಮಾತ್ರ. ಏನಾದರೂ ಕಂಡರೆ ಸಾಲುಗಳು ಮುರಿಯುವ ಜಾಗವೂ ಬದಲಾಗಿದೆ ಎಂದರ್ಥ. ಪೈಥಾನ್‌ಗೆ ಇಷ್ಟು ಸಾಲದು, ಅಲ್ಲಿ ಸ್ಪೇಸೇ ವ್ಯಾಕರಣ. ಬ್ಲ್ಯಾಕ್ ಫಾರ್ಮ್ಯಾಟರ್ ಮಾಡುವಂತೆ ಮುಂಚಿನ, ನಂತರದ ಸಿಂಟ್ಯಾಕ್ಸ್ ಟ್ರೀಗಳನ್ನೇ ಹೋಲಿಸಿ.

ಹೊಸ ಆವೃತ್ತಿ ಬಳಸುವ ತಂಡಗಳಲ್ಲಿ ಸಾವಿರಾರು ಸಾಲು ಒಮ್ಮೆಲೇ ಬದಲಾಗಬಹುದು. ಆ ಬದಲಾವಣೆಯನ್ನು ಬೇರೆ ಯಾವುದರ ಜೊತೆಗೂ ಬೆರೆಸದೆ ಪ್ರತ್ಯೇಕ ಕಮಿಟ್ ಮಾಡಿ, ಅದರ ಹ್ಯಾಶ್ (ಕಮಿಟ್‌ನ ಗುರುತು) ಅನ್ನು ಒಂದು ಫೈಲಿನಲ್ಲಿ ಬರೆದು ಗಿಟ್ ಬ್ಲೇಮ್‌ನ (ಪ್ರತಿ ಸಾಲನ್ನು ಕೊನೆಗೆ ಯಾರು ಬದಲಿಸಿದರು ಎಂದು ತೋರಿಸುವ ಆಜ್ಞೆಯ) ಕಡೆಗಣಿಸುವ ಪಟ್ಟಿಯಾಗಿ ಸೂಚಿಸಿ. 2019ರ ಗಿಟ್ 2.23ರಿಂದ ಈ ಸೌಲಭ್ಯ ಇದೆ.