ಮೇಷ್ಟ್ರ ಚೀಲ

ಮೈಸೂರು, 18 ಜೂನ್ 2024, ಮಂಗಳವಾರ

ಬೆಳಿಗ್ಗೆ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಬಂದು, ಬಟ್ಟೆಯ ಚೀಲದಿಂದ ಪಾಸ್‌ಬುಕ್ಕು, ಎಫ್‌ಡಿ ರಸೀದಿ, ಪಾಲಿಸಿ ಬಾಂಡುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹರವಿದರು. ಫ್ಯಾನಿನ ಗಾಳಿಗೆ ಹಾರದಿರಲೆಂದು ಅವುಗಳ ಮೇಲೆ ಅಕ್ರಿಲಿಕ್ಕಿನ ಫಲಕವೊಂದನ್ನು ಇಟ್ಟೆ. 2007ರಲ್ಲಿ ಮುಂಬೈಯಲ್ಲಿ ನಮ್ಮ ತಂಡ ಮುಗಿಸಿದ ಐಪಿಒ (ಕಂಪನಿ ಮೊದಲ ಬಾರಿ ಜನರಿಗೆ ಷೇರು ಮಾರುವುದು) ಒಂದರ ನೆನಪಿಗೆ ಕೊಟ್ಟದ್ದು ಅದು.

ಆಗ ನನ್ನ ಕೆಲಸವೆಂದರೆ ಕರಡು ಪ್ರಾಸ್ಪೆಕ್ಟಸ್ಸಿನ, ಅಂದರೆ ಷೇರು ಕೊಳ್ಳುವವರಿಗಾಗಿ ಕಂಪನಿ ಕೊಡುವ ವಿವರ ಪತ್ರದ, ಅಪಾಯಗಳ ಅಧ್ಯಾಯವನ್ನು ವಕೀಲರೊಂದಿಗೆ ಕುಳಿತು ಬೆಳಗಿನ ಜಾವದವರೆಗೆ ತಿದ್ದುವುದು, ಹಗಲಿನಲ್ಲಿ ಫಂಡ್ ಮ್ಯಾನೇಜರುಗಳ ಮುಂದೆ ಅದೇ ಕಂಪನಿಯ ಗುಣಗಾನ ಮಾಡುವುದು. ಅಪಾಯಗಳನ್ನೆಲ್ಲ ಬರೆಯುತ್ತಿದ್ದೆವು ನಿಜ, ಆದರೆ ಯಾರಾದರೂ ಓದಲಿ ಎಂದು ಬರೆಯುತ್ತಿರಲಿಲ್ಲ. ಶುಲ್ಕ ಬರುತ್ತಿದ್ದುದು ಷೇರು ಮಾರುವ ಕಂಪನಿಯಿಂದ, ಸಂಗ್ರಹವಾದ ಮೊತ್ತದ ಮೇಲೆ. ಹೀಗಾಗಿ ಬೆಲೆ ಏರಿದಷ್ಟೂ ನಮ್ಮ ಪಾಲೂ ಏರುತ್ತಿತ್ತು. 2008ರ ಜನವರಿಯಲ್ಲಿ 21 ಸಾವಿರ ದಾಟಿದ್ದ ಸೆನ್ಸೆಕ್ಸ್, ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ ಮೇಲೆ, ಅಕ್ಟೋಬರ್ ಕೊನೆಯಲ್ಲೊಮ್ಮೆ 8 ಸಾವಿರಕ್ಕಿಂತ ಕೆಳಗಿಳಿಯಿತು. ಕೈಯಲ್ಲಿದ್ದ ಮೂರು ಇಶ್ಯೂಗಳೂ ನಿಂತುಹೋದವು. ಆಮೇಲೂ ಐದಾರು ವರ್ಷ ಅಲ್ಲೇ ಇದ್ದೆ. ಸಂಬಳದ ಮೋಹವಲ್ಲದೆ ಬೇರೆ ಕಾರಣ ಹೇಳಿದರೆ ಸುಳ್ಳಾದೀತು.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2013ರಲ್ಲಿ ಹೂಡಿಕೆ ಸಲಹೆಗಾರರ ನಿಯಮಗಳನ್ನು ತಂದಿತ್ತು. ಕೆಲಸ ಬಿಟ್ಟು ಊರಿಗೆ ಬಂದವನು ಸೆಬಿಯ ತರಬೇತಿ ಸಂಸ್ಥೆಯಾದ ಎನ್‌ಐಎಸ್‌ಎಂನ ಪರೀಕ್ಷೆಗಳನ್ನು ಬರೆದು ನೋಂದಾಯಿಸಿಕೊಂಡೆ. ಸಲಹೆ ಕೇಳಿದವರಿಂದಲೇ ಶುಲ್ಕ ಪಡೆಯಬೇಕು, ಅವರಿಗೆ ಸೂಚಿಸಿದ ಯೋಜನೆಯಿಂದ ಕಮಿಷನ್ ಮುಟ್ಟುವಂತಿಲ್ಲ. ಜನರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

“ಬ್ಯಾಂಕಿನ ಹುಡುಗ ಮನೆಗೇ ಬಂದು ಪುಕ್ಕಟೆ ಹೇಳಿದನಲ್ಲ ಸರ್, ನಿಮಗ್ಯಾಕೆ ದುಡ್ಡು?” ಎಂದರು ಮೇಷ್ಟ್ರು. ಆ ಹುಡುಗ ಹೇಳಿದ್ದೇನೆಂದು ನೋಡಿದರೆ, 2022ರ ಜುಲೈಯಲ್ಲಿ, ನಿವೃತ್ತಿಯ ಹಣ ಕೈಸೇರಿದ ತಿಂಗಳಲ್ಲೇ, ವರ್ಷಕ್ಕೆ 3 ಲಕ್ಷ ಕಂತಿನ ಯುಲಿಪ್, ಅಂದರೆ ಹೂಡಿಕೆಯೂ ಸೇರಿದ, ಪೇಟೆಯ ಏರಿಳಿತಕ್ಕೆ ಒಳಪಟ್ಟ ವಿಮೆ, ಮಾಡಿಸಿದ್ದಾನೆ. ಎಫ್‌ಡಿ ಇದ್ದಂತೆಯೇ ಎಂದಿದ್ದನಂತೆ. ಐದು ವರ್ಷ ತುಂಬುವವರೆಗೆ ಆ ಹಣ ಕೈಗೆ ಬರುವುದಿಲ್ಲ. ಈಗ ಕಂತು ನಿಲ್ಲಿಸಿದರೆ, ಕಟ್ಟಿದ್ದರಲ್ಲಿ ಒಂದಿಷ್ಟು ಮುರಿದುಕೊಂಡು, ಉಳಿದದ್ದನ್ನು ಕನಿಷ್ಠ ಶೇ 4ರ ಆದಾಯದಲ್ಲಿ 2027ರವರೆಗೆ ಕೂಡಿಡುತ್ತಾರೆ. ಆದರೂ ಮೂರನೆಯ ಕಂತು ಕಟ್ಟಬೇಡಿ ಮೇಷ್ಟ್ರೇ ಎಂದೆ. ಅದೇ 3 ಲಕ್ಷವನ್ನು ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರೆ, ಈಗಿನ ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 6,150 ರೂಪಾಯಿ ಬರುತ್ತದೆಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಅವರು ಪೆನ್ನು ಇಸಿದುಕೊಂಡು, ಭಾಗಾಕಾರವನ್ನು ತಾವೇ ಇನ್ನೊಮ್ಮೆ ಮಾಡಿ ನೋಡಿದರು.

ಹೊರಡುವಾಗ ನನ್ನ ಶುಲ್ಕದ ರಸೀದಿಯನ್ನು ಚೀಲಕ್ಕೆ ಸೇರಿಸಿ, ಫಲಕವನ್ನು ಎತ್ತಿಕೊಂಡು, ಅದರ ಮೇಲಿದ್ದ ಷೇರಿನ ಬೆಲೆಯನ್ನು ಗಟ್ಟಿಯಾಗಿ ಓದಿದರು. “ಈಗ ಎಷ್ಟಿದೆ ಸರ್?” ಎಂದು ಕೇಳಿದರು.

“ಅರ್ಧಕ್ಕಿಂತ ಕಡಿಮೆ” ಎಂದೆ.