ಊರು ಬದಲಾದರೆ ಅಲರ್ಜಿ ಬಿಡುತ್ತದೆಯೇ?

ಹೊಸ ಹವಾಮಾನದಲ್ಲಿ ಮೊದಲ ವರ್ಷ ಮೂಗು ಸುಮ್ಮನಿದ್ದರೆ ಅಲರ್ಜಿ ವಾಸಿಯಾಯಿತೆಂದು ಔಷಧ ಬಿಸಾಡಬೇಡಿ. ಅಲ್ಲಿನ ಪರಾಗದ ವಿರುದ್ಧ ದೇಹ ಅಲರ್ಜಿ ಕೆರಳಿಸುವ ಐಜಿಇ ಪ್ರತಿಕಾಯ ಕಟ್ಟಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ಹಂಗಾಮು ಬೇಕು. ಹುಲ್ಲಿನ ಪರಾಗ ಆಗದವರಿಗೆ ಆ ಬಿಡುವೂ ಸಿಗದಿರಬಹುದು: ಹಲವು ಹುಲ್ಲುಗಳ ಪ್ರೋಟೀನುಗಳು ಒಂದನ್ನೊಂದು ಹೋಲುವುದರಿಂದ ಹಳೆಯ ಸೀನು ಹಿಂದೆಯೇ ಬರುತ್ತದೆ.

ಒಣ ಹವೆಯಿಂದ ತೇವದ ಕಡೆಗೆ ಹೋದವರು ಕಾರಣವನ್ನು ಮನೆಯೊಳಗೂ ಹುಡುಕಬೇಕು. ಆರ್ದ್ರತೆ ಶೇ. 50 ದಾಟಿದರೆ ಹಾಸಿಗೆಯಲ್ಲಿ ದೂಳುಹುಳಗಳು ಹೆಚ್ಚುತ್ತವೆ. ಮಲಗುವ ಕೋಣೆಯಲ್ಲೊಂದು ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ಇಡಿ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಒಗೆಯಿರಿ.

ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನು ಹಂಗಾಮಿಗೆ 2 ವಾರ ಮುಂಚೆಯೇ ಶುರುಮಾಡಿ. ತಲೆ ತುಸು ಮುಂದಕ್ಕೆ ಬಾಗಿರಲಿ, ನಳಿಕೆಯ ತುದಿ ಅದೇ ಬದಿಯ ಕಿವಿಯತ್ತ ಇರಲಿ. ಮೂಗಿನ ನಡುಗೋಡೆಗೇ ಹೊಡೆಯುತ್ತಿದ್ದರೆ ರಕ್ತ ಬರುತ್ತದೆ, ಬಹುಪಾಲು ಜನ ಸ್ಪ್ರೇ ಬಿಡುವುದೇ ಇದಕ್ಕೆ ಎನಿಸುತ್ತದೆ.